13 ಚಾರ್ಟ್, ಒಂದು ಲೋಟ ಐಸ್ ನೀರು: ಚಾಲೆಂಜರ್ ದುರಂತದಿಂದ ಆಫೀಸಿನ ಮಾತುಗಾರಿಕೆಗೆ ಒಂದು ಪ್ರಕರಣ ಅಧ್ಯಯನ

ಆಫೀಸಿನಲ್ಲಿ ಮಾತಾಡುವುದನ್ನು ಕಲಿಸುವವರು ಸಾಮಾನ್ಯವಾಗಿ ದನಿ, ನಿಲುವು, ಕೈ ಆಡಿಸುವ ರೀತಿ ಇಂಥವುಗಳಿಂದ ಶುರು ಮಾಡುತ್ತಾರೆ. ಅವೂ ಬೇಕು, ನಿಜ. ಆದರೆ ಕೆಲಸದ ಮೀಟಿಂಗ್‌ನಲ್ಲಿ ನಾವು ಚಪ್ಪಾಳೆಗಾಗಿ ಮಾತಾಡುವುದಿಲ್ಲ. ಎದುರಿಗೆ ಕೂತವರು ಏನೋ ಒಂದು ತೀರ್ಮಾನ ಮಾಡಬೇಕಿರುತ್ತದೆ. ಅದಕ್ಕೆ ಬೇಕಾದ ವಿಷಯ ನಮ್ಮ ಹತ್ತಿರ ಇರುತ್ತದೆ. ಅದು ಅವರಿಗೆ ಮುಟ್ಟಬೇಕು, ಅಷ್ಟೇ. ಮುಟ್ಟದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಚಾಲೆಂಜರ್‌ಗಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ.

1986ರ ಜನವರಿ 28ರಂದು ಅಮೆರಿಕದ ಫ್ಲಾರಿಡಾದಿಂದ ಹಾರಿದ ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆ 73 ಸೆಕೆಂಡಿನಲ್ಲಿ ಆಕಾಶದಲ್ಲೇ ಚೂರಾಯಿತು. ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿಯೂ ಸೇರಿ 7 ಜನ ಸತ್ತರು. ಅದರ ಹಿಂದಿನ ರಾತ್ರಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂತ ಎಂಜಿನಿಯರ್‌ಗಳು 13 ಚಾರ್ಟ್ ಮುಂದಿಟ್ಟು ಹೇಳಿದ್ದರು. ಅವರ ಮಾತು ನಡೆಯಲಿಲ್ಲ. ಎರಡು ವಾರದ ನಂತರ ಅದೇ ವಿಷಯವನ್ನು ಒಬ್ಬರು ಒಂದು ಲೋಟ ಐಸ್ ನೀರು ಇಟ್ಟುಕೊಂಡು ಹೇಳಿದರು. ಇಡೀ ದೇಶಕ್ಕೆ ಅರ್ಥವಾಯಿತು.

ವಿಷಯ ಇದ್ದದ್ದು ಇಷ್ಟು

ನೌಕೆಯನ್ನು ಮೇಲಕ್ಕೆ ತಳ್ಳುವ ಎರಡು ದೊಡ್ಡ ರಾಕೆಟ್‌ಗಳನ್ನು ಯೂಟಾ ರಾಜ್ಯದ ಮಾರ್ಟನ್ ಥಯೋಕಾಲ್ ಕಂಪನಿ ತಯಾರಿಸುತ್ತಿತ್ತು. ಅವು ಒಂದೇ ಕೊಳವೆ ಅಲ್ಲ, ತುಂಡುತುಂಡಾಗಿ ತಂದು ಜೋಡಿಸುವಂಥವು. ಒಂದೊಂದು ಜೋಡಣೆಯಲ್ಲೂ ಎರಡು ರಬ್ಬರ್ ಬಳೆಗಳು. ಇವಕ್ಕೆ ಓ-ರಿಂಗ್ ಅನ್ನುತ್ತಾರೆ. ದಪ್ಪ ಬರೀ ಸುಮಾರು 7 ಮಿಲಿಮೀಟರ್. ರಾಕೆಟ್ ಹೊತ್ತಿಕೊಂಡ ಕ್ಷಣ ಒಳಗಿನ ಒತ್ತಡಕ್ಕೆ ಕೊಳವೆ ಉಬ್ಬುತ್ತದೆ, ಜೋಡಣೆಯಲ್ಲಿ ಸಂದಿ ಬಿಡುತ್ತದೆ. ಆ ಸಂದಿಗೆ ರಬ್ಬರ್ ತಕ್ಷಣ ಚಿಮ್ಮಿ ಬಂದು ಮುಚ್ಚಿಕೊಳ್ಳಬೇಕು. ಕುಕ್ಕರ್‌ನ ಗ್ಯಾಸ್ಕೆಟ್ ಗಟ್ಟಿಯಾದರೆ ಆವಿ ಪಕ್ಕದಿಂದ ಸೋರುತ್ತದೆ ಅಲ್ವಾ, ಇಲ್ಲಿ ಸೋರುವುದು ಬೆಂಕಿಯಂಥ ಅನಿಲ.

1985ರ ಜನವರಿಯಲ್ಲಿ ಒಂದು ನೌಕೆ ಕೊರೆಯುವ ಚಳಿಯ ನಂತರ ಹಾರಿತ್ತು. ಆಗ ಜೋಡಣೆಯ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್. ಸಮುದ್ರದಿಂದ ಎತ್ತಿ ತಂದ ರಾಕೆಟ್‌ಗಳನ್ನು ಬಿಚ್ಚಿ ನೋಡಿದಾಗ ಎರಡು ಬಳೆಗಳ ನಡುವೆ ಕಪ್ಪು ಮಸಿ. ಅಂದರೆ ಮೊದಲ ಬಳೆಯನ್ನು ದಾಟಿ ಅನಿಲ ಒಳಗೆ ಬಂದಿತ್ತು. ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲೇ ಇದನ್ನು ನೋಡಿ ಗಾಬರಿಯಾದರು. ಆ ವರ್ಷ ಜುಲೈ 31ರಂದು ತಮ್ಮ ಮೇಲಧಿಕಾರಿಗೆ ಪತ್ರ ಬರೆದು, ಇದನ್ನು ಸರಿಮಾಡದಿದ್ದರೆ ಪ್ರಾಣಹಾನಿ ಆಗುತ್ತದೆ ಅಂತ ನೇರವಾಗಿಯೇ ಹೇಳಿದರು. ಅಕ್ಟೋಬರ್‌ನಲ್ಲಿ ಬಾಬ್ ಎಬೆಲಿಂಗ್ ಎಂಬ ಇನ್ನೊಬ್ಬ ಎಂಜಿನಿಯರ್ ಬರೆದ ಪತ್ರದ ಮೊದಲ ಪದವೇ ದೊಡ್ಡ ಅಕ್ಷರದಲ್ಲಿ ‘ಸಹಾಯ ಮಾಡಿ!’ ಅಂತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಂಪನಿಯ ಪ್ರಯೋಗಾಲಯದಲ್ಲಿ ಬಳೆಯನ್ನು ಅದುಮಿ ಬಿಟ್ಟು ನೋಡಿದ್ದರು. 38 ಡಿಗ್ರಿಯಲ್ಲಿ ರಬ್ಬರ್ ಲೋಹಕ್ಕೆ ಅಂಟಿಕೊಂಡೇ ಇತ್ತು. 24 ಡಿಗ್ರಿಯಲ್ಲಿ 2.4 ಸೆಕೆಂಡ್ ಬಿಟ್ಟುಹೋಗಿತ್ತು. 10 ಡಿಗ್ರಿಯಲ್ಲಿ 10 ನಿಮಿಷ ಕಾದರೂ ವಾಪಸ್ ಬರಲಿಲ್ಲ, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. 1985ರ ಆಗಸ್ಟ್‌ನಲ್ಲೇ ಈ ಅಂಕಿಗಳು ಪತ್ರದ ಮೂಲಕ ನಾಸಾಗೆ ಹೋಗಿದ್ದವು. ಓದಿದರೆ ಚಿಕ್ಕ ಮಗುವಿಗೂ ಅರ್ಥವಾಗುವ ಮೂರು ಸಾಲು.

ಆ ರಾತ್ರಿಯ ಕಾಲ್

ಜನವರಿ 27ರ ಮಧ್ಯಾಹ್ನ ಹವಾಮಾನದ ಸುದ್ದಿ ಬಂತು. ರಾತ್ರಿ ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಥಯೋಕಾಲ್ ಎಂಜಿನಿಯರ್‌ಗಳು ಕೆಲವೇ ಗಂಟೆಗಳಲ್ಲಿ ಚಾರ್ಟ್‌ಗಳನ್ನು ತಯಾರಿಸಿ ಫ್ಯಾಕ್ಸ್ ಮಾಡಿದರು. ಫ್ಲಾರಿಡಾ ಸಮಯ ರಾತ್ರಿ 8.45ಕ್ಕೆ ಫೋನ್ ಸಭೆ ಶುರುವಾಯಿತು. ಒಂದು ಕಡೆ ಯೂಟಾ, ಒಂದು ಕಡೆ ಅಲಬಾಮಾದಲ್ಲಿರುವ ನಾಸಾದ ಮಾರ್ಷಲ್ ಕೇಂದ್ರ, ಇನ್ನೊಂದು ಕಡೆ ಫ್ಲಾರಿಡಾ. ಬೇರೆ ಊರಿನವರ ಮುಖ ಕಾಣುವುದಿಲ್ಲ, ದನಿ ಮಾತ್ರ. ಕ್ಯಾಮೆರಾ ಆಫ್ ಮಾಡಿ ಮಾಡುವ ಇವತ್ತಿನ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಕೂತವರಿಗೆ ಆ ಸ್ಥಿತಿ ಚೆನ್ನಾಗಿ ಗೊತ್ತಿರುತ್ತದೆ.

ಎಂಜಿನಿಯರ್‌ಗಳು ಒಂದೊಂದೇ ಚಾರ್ಟ್ ವಿವರಿಸಿದರು. ಕೊನೆಯಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಬಾಬ್ ಲಂಡ್ ತೀರ್ಮಾನ ಹೇಳಿದರು: ಓ-ರಿಂಗ್ 12 ಡಿಗ್ರಿಗಿಂತ ತಣ್ಣಗಿದ್ದರೆ ಹಾರಿಸಬಾರದು.

ನಾಸಾ ಕಡೆಯಿಂದ ತಕ್ಷಣ ಪ್ರಶ್ನೆಗಳು ಬಂದವು. ಅಕ್ಟೋಬರ್‌ನಲ್ಲಿ 24 ಡಿಗ್ರಿಯಲ್ಲಿ ಹಾರಿದ್ದರಲ್ಲೂ ಮಸಿ ಬಂದಿತ್ತಲ್ಲ, ಹಾಗಾದರೆ ಚಳಿಗೂ ಇದಕ್ಕೂ ಏನು ಸಂಬಂಧ? ಉಡಾವಣೆಯ ಹಿಂದಿನ ರಾತ್ರಿ ಹೊಸ ನಿಯಮ ತರುತ್ತೀರಾ? ನಾಸಾದಲ್ಲಿ ಆ ರಾಕೆಟ್‌ಗಳ ಹೊಣೆ ಹೊತ್ತಿದ್ದ ಲ್ಯಾರಿ ಮಲಾಯ್, ಹಾಗಾದರೆ ಯಾವಾಗ ಹಾರಿಸಬೇಕು ಅಂತೀರಿ, ಮುಂದಿನ ಏಪ್ರಿಲ್‌ನಲ್ಲಾ, ಅಂತ ಕೇಳಿದರು. ಮಾರ್ಷಲ್ ಕೇಂದ್ರದ ಇನ್ನೊಬ್ಬ ಹಿರಿಯರು ಈ ಶಿಫಾರಸು ಕೇಳಿ ದಿಗಿಲಾಯಿತು ಎಂದರು.

ಚಾರ್ಟ್‌ಗಳಲ್ಲಿ ಏನು ಕಾಣಲಿಲ್ಲ

ಎಂಜಿನಿಯರ್‌ಗಳ ವಾದ ಒಂದೇ ವಾಕ್ಯದ್ದು: ಚಳಿ ಜಾಸ್ತಿಯಾದಷ್ಟೂ ಹಾನಿ ಜಾಸ್ತಿ. ಅಂದರೆ ಕೇಳುವವರಿಗೆ ಎರಡು ಸಂಗತಿ ಒಟ್ಟಿಗೆ ಕಾಣಬೇಕಿತ್ತು. ಒಂದು ಉಷ್ಣತೆ, ಇನ್ನೊಂದು ಹಾನಿ. ಆದರೆ ಹಿಂದಿನ ಎಲ್ಲ ಹಾರಾಟಗಳ ಉಷ್ಣತೆ ಮತ್ತು ಹಾನಿಯನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಒಂದು ಚಾರ್ಟ್ ಕೂಡ ಆ 13ರಲ್ಲಿ ಇರಲಿಲ್ಲ. ಹಾನಿಯ ಪಟ್ಟಿ ಒಂದು ಹಾಳೆಯಲ್ಲಿ, ಉಷ್ಣತೆಯ ಅಂಕಿಗಳು ಇನ್ನೊಂದರಲ್ಲಿ. ಜೋಡಿಸಿ ನೋಡುವ ಕೆಲಸ ಕೇಳುವವರ ಪಾಲಿಗೆ ಬಂತು. ಅದೂ ರಾತ್ರಿ ಹೊತ್ತು, ಫೋನಿನಲ್ಲಿ, ಫ್ಯಾಕ್ಸ್ ಹಾಳೆ ತಿರುಗಿಸುತ್ತಾ.

ಚರ್ಚೆ ಬಹುಪಾಲು ಎರಡು ಹಾರಾಟಗಳ ಸುತ್ತ ಸುತ್ತಿತು. ಒಂದು 12 ಡಿಗ್ರಿಯದ್ದು, ಇನ್ನೊಂದು 24 ಡಿಗ್ರಿಯದ್ದು. ಎರಡರಲ್ಲೂ ಮಸಿ ಇತ್ತು. ಎರಡೇ ಉದಾಹರಣೆ ಕೊಟ್ಟಾಗ ಒಂದು ನಮ್ಮ ಪರ, ಇನ್ನೊಂದು ವಿರುದ್ಧ ಇದ್ದರೆ ವಾದ ಅಲ್ಲಿಗೇ ನಿಂತುಹೋಗುತ್ತದೆ.

ಪೂರ್ತಿ ಚಿತ್ರ ಹೇಗಿತ್ತು ಅಂತ ಆಮೇಲೆ ತನಿಖಾ ಆಯೋಗ ತೋರಿಸಿತು. ಹಾನಿಯಾದ ಹಾರಾಟಗಳನ್ನಷ್ಟೇ ಇಟ್ಟು ನೋಡಿದರೆ ಚಳಿಯ ಸಂಬಂಧ ಕಾಣುವುದಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿದ ಕೂಡಲೇ ಎದ್ದು ಕಾಣುತ್ತದೆ. ಸುಮಾರು 19 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದ 20 ಹಾರಾಟಗಳಲ್ಲಿ 3ರಲ್ಲಿ ಮಾತ್ರ ತೊಂದರೆ. ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದ 4 ಹಾರಾಟಗಳಲ್ಲಿ 4ರಲ್ಲೂ ತೊಂದರೆ. ಮರುದಿನ ಹಾರಬೇಕಿದ್ದದ್ದು ಇವೆಲ್ಲಕ್ಕಿಂತ ತಣ್ಣನೆಯ ಹೊತ್ತಿನಲ್ಲಿ. ಉಡಾವಣೆಯ ಸಮಯದಲ್ಲಿ ಗಾಳಿಯ ಉಷ್ಣತೆ ಸುಮಾರು 2 ಡಿಗ್ರಿ ಇತ್ತು.

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲೇ ಇದೆ. ಸರಿಯಾಗಿ ನಡೆದ ಹಾರಾಟಗಳ ಬಗ್ಗೆ ಹೇಳುವುದು ಏನಿದೆ ಅಂತ ಯಾರಿಗಾದರೂ ಅನಿಸುತ್ತದೆ. ನಾವೂ ಅಷ್ಟೇ, ತೊಂದರೆಯ ಬಗ್ಗೆ ಮಾತಾಡುವಾಗ ತೊಂದರೆಯಾದ ಸಂದರ್ಭಗಳನ್ನೇ ಗುಡ್ಡೆ ಹಾಕುತ್ತೇವೆ. ಸರ್ವರ್ ಬಿದ್ದ ದಿನಗಳು, ವಾಪಸ್ ಬಂದ ಮಾಲು, ಬಿಟ್ಟುಹೋದ ಗ್ರಾಹಕರು. ಸರ್ವರ್ ಬೀಳದ ದಿನಗಳನ್ನು ಪಕ್ಕಕ್ಕೆ ಇಡದಿದ್ದರೆ ಬಿದ್ದ ದಿನಗಳಿಗೆ ಏನೂ ಅರ್ಥ ಬರುವುದಿಲ್ಲ.

12 ಡಿಗ್ರಿ ಎಂಬ ಗೆರೆಯದ್ದೂ ಇದೇ ಕಥೆ. ಅದು ಅಲ್ಲಿವರೆಗಿನ ಅತಿ ತಣ್ಣನೆಯ ಹಾರಾಟದ ಅಂಕಿ. ಅದಕ್ಕಿಂತ ಕೆಳಗೆ ಏನಾಗುತ್ತದೆ ಅಂತ ಯಾರಿಗೂ ಅನುಭವವೇ ಇಲ್ಲ. ಬಹಳ ಗಟ್ಟಿಯಾದ ಮಾತು ಅದು. ಆದರೆ ಚಾರ್ಟ್‌ನಲ್ಲಿ ಅದು ಬರೀ ಒಂದು ಮಿತಿಯಾಗಿ ಬಂತು. ಕೇಳಿದವರಿಗೆ ಯಾರೋ ಹೊಸದಾಗಿ ಮಾಡಿದ ರೂಲ್ ಥರ ಕೇಳಿಸಿತು. ಅಂಕಿಯ ಜೊತೆ ಅದು ಎಲ್ಲಿಂದ ಬಂತು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇಲ್ಲದಿದ್ದರೆ ಜನ ಅಂಕಿಯ ಜೊತೆ ಜಗಳಕ್ಕಿಳಿಯುತ್ತಾರೆ.

ತಪ್ಪು ಮಾತಾಡಿದವರದ್ದಾ?

ಅಂಕಿಗಳನ್ನು ಚಿತ್ರವಾಗಿ ತೋರಿಸುವ ವಿದ್ಯೆಯಲ್ಲಿ ಹೆಸರಾದ ಎಡ್ವರ್ಡ್ ಟಫ್ಟೆ ಈ ಚಾರ್ಟ್‌ಗಳನ್ನು ಕಟುವಾಗಿ ಟೀಕಿಸಿದ್ದಾರೆ. ಬೋಜೊಲೇ ಮತ್ತು ಇತರರು ಅದಕ್ಕೆ ಉತ್ತರವನ್ನೂ ಕೊಟ್ಟರು. ಆ ರಾತ್ರಿ ತಮ್ಮ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದನ್ನೇ ಈ ಟೀಕೆ ತಪ್ಪಾಗಿ ತಿಳಿದಿದೆ ಎಂಬುದು ಅವರ ವಾದ.

ನಾನು ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತೇನೆ, ಆದರೆ ಮನಸ್ಸು ಎಂಜಿನಿಯರ್‌ಗಳ ಕಡೆ ಜಾಸ್ತಿ ವಾಲುತ್ತದೆ. ಸಾಮಾನ್ಯವಾಗಿ ಹಾರಿಸುವುದು ಸುರಕ್ಷಿತ ಅಂತ ಸಾಬೀತು ಮಾಡಬೇಕು. ಅವತ್ತು ಹಾರಿಸಿದರೆ ಅಪಾಯ ಖಂಡಿತ ಅಂತ ಸಾಬೀತು ಮಾಡಿ ಎಂದು ಕೇಳಿದಂತಾಯಿತು. ಆಟದ ನಿಯಮವನ್ನೇ ತಿರುಗಿಸಿದ ಮೇಲೆ ಎಷ್ಟು ಒಳ್ಳೆಯ ಚಾರ್ಟ್ ಇದ್ದರೂ ಕಷ್ಟವೇ. ಅಂಥ ಸಭೆಯಲ್ಲಿ ಮಾತಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಇಲ್ಲಿ ಯಾರು ಏನನ್ನು ತೋರಿಸಿಕೊಡಬೇಕು?’ ಆ ರಾತ್ರಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಯಾರೂ ಮೇಜಿನ ಮೇಲೆ ಇಡಲಿಲ್ಲ.

ಎಬೆಲಿಂಗ್ ಅವರ ವಿಷಯ ನೆನೆದರೆ ಸಂಕಟವಾಗುತ್ತದೆ. ತಾನು ಸರಿಯಾಗಿ ವಾದ ಮಾಡಲಿಲ್ಲ ಎಂಬ ಕೊರಗನ್ನು ಅವರು 30 ವರ್ಷ ಹೊತ್ತುಕೊಂಡಿದ್ದರು. 2016ರಲ್ಲಿ ಅಮೆರಿಕದ ರೇಡಿಯೋದಲ್ಲಿ ಅದನ್ನು ಹೇಳಿಕೊಂಡಾಗ ಸಾಕಷ್ಟು ಕೇಳುಗರು ಅವರಿಗೆ ಪತ್ರ ಬರೆದು ನಿಮ್ಮದೇನೂ ತಪ್ಪಿಲ್ಲ ಎಂದರು. ಆ ವರ್ಷವೇ ಅವರು ತೀರಿಕೊಂಡರು. ಮಾತಿನ ಕೌಶಲ ಕಲಿಸುವವರು ಈ ಮನುಷ್ಯನನ್ನು ಮರೆಯಬಾರದು. ಕೇಳುವವರು ಕಿವಿ ಮುಚ್ಚಿಕೊಂಡಿದ್ದರೆ ಅದರ ಹೊಣೆಯನ್ನು ಮಾತಾಡಿದವರ ತಲೆಗೆ ಕಟ್ಟುವುದು ಅನ್ಯಾಯ.

ಮ್ಯೂಟ್ ಒತ್ತಿದ ಅರ್ಧ ಗಂಟೆ

ನಾಸಾದ ಒತ್ತಡ ಬಂದ ಮೇಲೆ ಥಯೋಕಾಲ್ ಐದು ನಿಮಿಷ ಸಮಯ ಕೇಳಿ ಫೋನ್ ಮ್ಯೂಟ್ ಮಾಡಿತು. ಅದು ಅರ್ಧ ಗಂಟೆಯಾಯಿತು. ಬೋಜೊಲೇ ಮತ್ತು ಇನ್ನೊಬ್ಬ ಎಂಜಿನಿಯರ್ ಆರ್ನಿ ಥಾಂಪ್ಸನ್ ಕೊನೆಯ ಪ್ರಯತ್ನ ಮಾಡಿದರು. ಥಾಂಪ್ಸನ್ ಎದ್ದು ಹೋಗಿ ಮ್ಯಾನೇಜರ್‌ಗಳ ಮುಂದೆ ಕಾಗದದಲ್ಲಿ ಜೋಡಣೆಯ ಚಿತ್ರ ಬರೆದು ತೋರಿಸಿದರು. ಬೋಜೊಲೇ ಎರಡು ಹಾರಾಟಗಳ ಫೋಟೋ ಇಟ್ಟರು: ಚಳಿಯಲ್ಲಿ ಹಾರಿದ್ದರಲ್ಲಿ ಮಸಿ ಕಡುಕಪ್ಪು, ಬೆಚ್ಚಗಿದ್ದಾಗ ಬೂದು ಬಣ್ಣ, ಅದೂ ಕಡಿಮೆ.

ನೋಡಿ, ‘24 ಡಿಗ್ರಿಯಲ್ಲೂ ಮಸಿ ಬಂತಲ್ಲ’ ಎಂಬ ಪ್ರಶ್ನೆಗೆ ಉತ್ತರ ಈ ಫೋಟೋಗಳಲ್ಲೇ ಇತ್ತು. ಆದರೆ ಫೋನಿನ ಆಚೆ ಇದ್ದವರಿಗೆ ಫೋಟೋ ಕಾಣುವ ಹಾಗಿರಲಿಲ್ಲ. ಕೋಣೆಯಲ್ಲಿ ಇದ್ದವರ ಮನಸ್ಸು ಆಗಲೇ ಬೇರೆ ಕಡೆ ತಿರುಗಿತ್ತು. ಹಿರಿಯ ಅಧಿಕಾರಿ ಜೆರಾಲ್ಡ್ ಮೇಸನ್, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಅಂತ ಲಂಡ್‌ಗೆ ಹೇಳಿದರು. ನಾಲ್ವರು ಮ್ಯಾನೇಜರ್‌ಗಳು ಸೇರಿ ತೀರ್ಮಾನ ಬದಲಿಸಿದರು. ಎಂಜಿನಿಯರ್‌ಗಳನ್ನು ಕೇಳಲಿಲ್ಲ.

ಮತ್ತೆ ಫೋನ್ ಸೇರಿಕೊಂಡು ಹಾರಿಸಬಹುದು ಎಂದರು. ಯಾರಿಗಾದರೂ ಬೇರೆ ಅಭಿಪ್ರಾಯ ಇದೆಯಾ ಅಂತ ನಾಸಾ ಕಡೆಯಿಂದ ಕೇಳಿದರು. ಯಾರೂ ಮಾತಾಡಲಿಲ್ಲ. ಮ್ಯೂಟ್ ಆಗಿದ್ದಾಗ ಏನು ನಡೆಯಿತು ಅನ್ನುವುದು ಆಚೆಯವರಿಗೆ ಗೊತ್ತೇ ಆಗಲಿಲ್ಲ. ಉಡಾವಣೆಯ ಅಂತಿಮ ಹೊಣೆ ಹೊತ್ತ ನಾಸಾದ ಮೇಲಿನವರಿಗಂತೂ ಇಂಥದೊಂದು ಸಭೆ ನಡೆದ ಸುದ್ದಿಯೇ ಮುಟ್ಟಲಿಲ್ಲ.

ಮಾತುಗಾರಿಕೆ ಅಂದರೆ ಸ್ಲೈಡ್ ತೋರಿಸುವ ಇಪ್ಪತ್ತು ನಿಮಿಷ ಮಾತ್ರ ಅಂದುಕೊಂಡರೆ ಈ ಭಾಗ ತಪ್ಪಿಹೋಗುತ್ತದೆ. ‘ಎಲ್ಲರಿಗೂ ಓಕೆನಾ?’ ಅಂತ ಕೇಳಿದ ಮೇಲೆ ಬರುವ ಐದು ಸೆಕೆಂಡ್ ಇದೆಯಲ್ಲ, ಅಲ್ಲಿ ಬಾಯಿ ಬಿಡುವುದಕ್ಕೂ ಅಭ್ಯಾಸ ಬೇಕು. ಅದಕ್ಕೆ ಒಂದು ವಾಕ್ಯ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು: ‘ತೀರ್ಮಾನ ನಿಮ್ಮದು, ಸರ್. ನನ್ನ ಶಿಫಾರಸು ಬದಲಾಗಿಲ್ಲ. ಅದನ್ನು ಮಿನಿಟ್ಸ್‌ನಲ್ಲಿ ಬರೆದುಕೊಳ್ಳಿ.’ ಗೌರವವೂ ಉಳಿಯುತ್ತದೆ, ವಿಷಯವೂ ಉಳಿಯುತ್ತದೆ. ಇನ್ನು ಸಭೆ ನಡೆಸುವವರು ‘ಯಾರಿಗಾದರೂ’ ಅಂತ ಸುಮ್ನೆ ಗಾಳಿಯಲ್ಲಿ ಕೇಳದೆ ಹೆಸರು ಹಿಡಿದು ಕೇಳಬೇಕು. ಆ ರಾತ್ರಿ ಬೋಜೊಲೇ ಅವರ ಹೆಸರು ಹಿಡಿದು ಒಬ್ಬರು ಕೇಳಿದ್ದರೆ ಉತ್ತರ ಏನು ಬರುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಿಂದಿನ ಸೀಟಿನಿಂದ ಬಂದ ಮಾತು

ಥಯೋಕಾಲ್‌ನಲ್ಲಿ ಈ ರಾಕೆಟ್‌ಗಳ ಯೋಜನೆಯ ಮುಖ್ಯಸ್ಥರಾಗಿದ್ದ ಆಲನ್ ಮೆಕ್‌ಡೊನಾಲ್ಡ್ ಆ ರಾತ್ರಿ ಫ್ಲಾರಿಡಾದಲ್ಲಿದ್ದರು. ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಏನಾದರೂ ಆದರೆ ಯಾಕೆ ಹಾರಿಸಿದಿರಿ ಅಂತ ತನಿಖಾ ಮಂಡಳಿಯ ಮುಂದೆ ವಿವರಿಸುವವನು ನಾನಾಗಲಾರೆ ಅಂತ ನಾಸಾದವರಿಗೆ ಹೇಳಿಯೂ ಇದ್ದರು. ಸಹಿಯನ್ನು ಯೂಟಾದಿಂದ ಅವರ ಮೇಲಧಿಕಾರಿ ಹಾಕಿ ಕಳಿಸಿದರು.

ಫೆಬ್ರವರಿಯಲ್ಲಿ ವಿಲಿಯಂ ರಾಜರ್ಸ್ ಅಧ್ಯಕ್ಷತೆಯ ಆಯೋಗದ ಮುಚ್ಚಿದ ಬಾಗಿಲಿನ ವಿಚಾರಣೆ ನಡೆಯುತ್ತಿತ್ತು. ಮೆಕ್‌ಡೊನಾಲ್ಡ್ ಹಿಂದೆ ಎಲ್ಲೋ ಕೂತಿದ್ದರು. ನಾಸಾದವರು ಆ ಸಭೆಯ ಬಗ್ಗೆ ಹೇಳಿದ ರೀತಿ ಪೂರ್ತಿ ಸತ್ಯ ಅಲ್ಲ ಅಂತ ಅವರಿಗೆ ಅನಿಸಿತು. ಎದ್ದು ನಿಂತು ಎರಡೇ ಮಾತು ಹೇಳಿದರು. 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಅಂದರೆ ಅದೇ 12 ಡಿಗ್ರಿ ಸೆಲ್ಸಿಯಸ್‌ಗಿಂತ) ಕೆಳಗೆ ಹಾರಿಸಬೇಡಿ ಅಂತ ನಾವು ಶಿಫಾರಸು ಮಾಡಿದ್ದೆವು. ಅದನ್ನು ಬರವಣಿಗೆಯಲ್ಲಿ ನಾಸಾಗೆ ಕಳಿಸಿದ್ದೆವು. ಅಧ್ಯಕ್ಷರು ಅವರನ್ನು ಮುಂದೆ ಕರೆದು ಇನ್ನೊಮ್ಮೆ ಹೇಳಿಸಿದರು. ತನಿಖೆಯ ದಿಕ್ಕೇ ಬದಲಾಯಿತು.

ಸ್ಲೈಡ್ ಇಲ್ಲ, ಪೀಠಿಕೆ ಇಲ್ಲ. ಏನು ಹೇಳಿದೆವು, ಅದಕ್ಕೆ ಸಾಕ್ಷಿ ಎಲ್ಲಿದೆ, ಅಷ್ಟೇ. ದೊಡ್ಡವರ ಮುಂದೆ ಕರೆಯದೇ ಎದ್ದು ಮಾತಾಡಬೇಕಾದಾಗ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಐಸ್ ನೀರಿನ ಹಿಂದಿನ ತಯಾರಿ

ಫೆಬ್ರವರಿ 11ರಂದು ಟಿವಿ ಕ್ಯಾಮೆರಾಗಳ ಮುಂದೆ ವಿಚಾರಣೆ. ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಓ-ರಿಂಗ್ ರಬ್ಬರಿನ ತುಂಡನ್ನು ಸಣ್ಣ ಕ್ಲ್ಯಾಂಪ್‌ನಲ್ಲಿ ಅದುಮಿ ಐಸ್ ನೀರಿನಲ್ಲಿ ಇಟ್ಟರು. ಸ್ವಲ್ಪ ಹೊತ್ತಿನ ನಂತರ ತೆಗೆದು ಕ್ಲ್ಯಾಂಪ್ ಬಿಚ್ಚಿದರು. ರಬ್ಬರ್ ಮೊದಲಿನ ಆಕಾರಕ್ಕೆ ತಕ್ಷಣ ಬರಲಿಲ್ಲ. ಈ ಉಷ್ಣತೆಯಲ್ಲಿ ಕೆಲವು ಸೆಕೆಂಡಾದರೂ ಇದಕ್ಕೆ ಪುಟಿಯುವ ಗುಣ ಇರುವುದಿಲ್ಲ, ನಮ್ಮ ಸಮಸ್ಯೆಗೆ ಇದು ಸಂಬಂಧಪಟ್ಟದ್ದು ಅಂತ ನನಗನಿಸುತ್ತದೆ ಎಂದರು.

ಇದನ್ನು ನೋಡಿದವರು ಎಂಥಾ ಸಹಜ ಪ್ರತಿಭೆ ಅನ್ನುತ್ತಾರೆ. ಪ್ರತಿಭೆ ಇತ್ತು, 1965ರಲ್ಲೇ ನೊಬೆಲ್ ಬಂದಿತ್ತು. ಆದರೆ ಆ ಎರಡು ನಿಮಿಷದ ಹಿಂದೆ ಇದ್ದದ್ದು ಪಕ್ಕಾ ತಯಾರಿ. ಚಳಿಯ ಸುಳಿವನ್ನು ಅವರಿಗೆ ಕೊಟ್ಟದ್ದು ಆಯೋಗದ ಇನ್ನೊಬ್ಬ ಸದಸ್ಯ, ವಾಯುಪಡೆಯ ಜನರಲ್ ಡೊನಾಲ್ಡ್ ಕುಟಿನಾ. ಕುಟಿನಾ ಅವರಿಗೆ ಅದು ಸಿಕ್ಕಿದ್ದು ಗಗನಯಾತ್ರಿ ಸ್ಯಾಲಿ ರೈಡ್ ಅವರಿಂದ. ರಬ್ಬರ್ ಬೇರೆಲ್ಲೂ ಸಿಗಲಿಲ್ಲ. ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸುವ ಜೋಡಣೆಯ ಮಾದರಿಯಲ್ಲಿ ಇದೆ ಅಂತ ಗೊತ್ತಾಯಿತು. ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿ ಹುಡುಕಿ ಸ್ಕ್ರೂಡ್ರೈವರ್, ಇಕ್ಕಳ, ಕ್ಲ್ಯಾಂಪ್ ತಂದರು. ಸಭೆಗೆ ಮೊದಲೇ ಒಮ್ಮೆ ಮಾಡಿ ನೋಡಿದರು.

ಸಭೆಯಲ್ಲಿ ಐಸ್ ನೀರು ಕೇಳಿದರು, ಬರುವುದು ತಡವಾಯಿತು. ಬಂದ ಮೇಲೆ ಮಾತಾಡಲು ಹೊರಟರೆ ಪಕ್ಕದಲ್ಲಿದ್ದ ಕುಟಿನಾ ತಡೆದರು. ಈಗ ಬೇಡ, ಜೋಡಣೆಯ ವಿಷಯದ ಸ್ಲೈಡ್ ಬರಲಿ. ಆ ಸ್ಲೈಡ್ ಬಂದಾಗ ಮೈಕ್ ಒತ್ತಿದರು. ಯಾವಾಗ ಹೇಳಬೇಕು ಅನ್ನುವುದಕ್ಕೂ ಪಕ್ಕದಲ್ಲಿ ಒಬ್ಬರು ಬೇಕಾಗುತ್ತಾರೆ.

ಇದನ್ನು ಬೋಜೊಲೇ ಅವರ ಜೊತೆ ತೂಗುವಾಗ ಒಂದು ನ್ಯಾಯ ಪಾಲಿಸಬೇಕು. ಫೈನ್‌ಮನ್ ಮಾತಾಡುವಾಗ ಯಾವ ಉಡಾವಣೆಯೂ ನಿಲ್ಲಬೇಕಿರಲಿಲ್ಲ. ಅವರ ಕೆಲಸಕ್ಕೆ ಅಪಾಯ ಇರಲಿಲ್ಲ. ಕೇಳುವವರು ಕೇಳಲೆಂದೇ ಕೂತಿದ್ದರು. ಅವರು ತೋರಿಸಿದ್ದು ಥಯೋಕಾಲ್ ಎಂಜಿನಿಯರ್‌ಗಳು ಪ್ರಯೋಗಾಲಯದಲ್ಲಿ ಆರು ತಿಂಗಳಿಗೂ ಮುಂಚೆ ಕಂಡುಕೊಂಡಿದ್ದನ್ನೇ. ಇಷ್ಟಾದರೂ ಅವರ ಆಯ್ಕೆಯಿಂದ ಕಲಿಯುವುದಿದೆ. ಅವರು ರಾಕೆಟ್ ಬಗ್ಗೆ ಏನೂ ವಿವರಿಸಲಿಲ್ಲ. ರಬ್ಬರ್, ಚಳಿ, ಸಮಯ, ಈ ಮೂರನ್ನು ಬಿಟ್ಟು ಉಳಿದೆಲ್ಲವನ್ನೂ ಪಕ್ಕಕ್ಕಿಟ್ಟರು.

ತಂಡದಲ್ಲಿ ಮಾಡಿ ನೋಡಬಹುದಾದದ್ದು

ಈ ಪ್ರಕರಣವನ್ನು ಓದಿ ಬಿಡುವುದಕ್ಕಿಂತ ಆಡಿ ನೋಡುವುದು ಒಳ್ಳೆಯದು. ಆರೇಳು ಜನರ ತಂಡ ಸಾಕು. ಹಿಂದಿನ ಹಾರಾಟಗಳ ಉಷ್ಣತೆ ಮತ್ತು ಹಾನಿಯ ಅಂಕಿಗಳು ರಾಜರ್ಸ್ ಆಯೋಗದ ವರದಿಯಲ್ಲಿ ಇವೆ. ಅರ್ಧ ತಂಡಕ್ಕೆ ಅವನ್ನು ಕೊಟ್ಟು, ಒಂದು ಗಂಟೆಯಲ್ಲಿ ಒಂದೇ ಪುಟ ಮಾಡಿ ಅನ್ನಿ. ಎರಡನೇ ಪುಟಕ್ಕೆ ಅವಕಾಶ ಕೊಡಬೇಡಿ. ಉಳಿದವರು ನಾಸಾದವರಾಗಲಿ. ಅವರಿಗೆ ಗುಟ್ಟಾಗಿ ಒಂದು ಮಾತು ಹೇಳಿ: ಉಡಾವಣೆ ಈಗಾಗಲೇ ಹಲವು ಸಲ ಮುಂದಕ್ಕೆ ಹೋಗಿದೆ, ಇವತ್ತು ಹೇಗಾದರೂ ಹೂಂ ಅನ್ನಿಸಿಕೊಳ್ಳಬೇಕು. ಕ್ಯಾಮೆರಾ ಆಫ್ ಇರಲಿ.

ಮುಗಿದ ಮೇಲೆ ಯಾರ ಇಂಗ್ಲಿಷ್ ಚೆನ್ನಾಗಿತ್ತು, ಯಾರ ಕೈ ನಡುಗಿತು ಅನ್ನುವುದನ್ನು ಬಿಡಿ. ಕೇಳಿದವರು ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಬರೆಯಲಿ: ನನ್ನಿಂದ ಏನು ತೀರ್ಮಾನ ಕೇಳಿದರು, ಯಾಕೆ? ಚೀಟಿಗಳನ್ನು ಓದಿ. ಎಲ್ಲದರಲ್ಲೂ ಒಂದೇ ಉತ್ತರ ಬರದಿದ್ದರೆ ಪುಟವನ್ನು ತಿದ್ದಿ, ಪಾತ್ರ ಅದಲುಬದಲು ಮಾಡಿ, ಇನ್ನೊಂದು ಸುತ್ತು ಆಡಿ. ಎರಡನೇ ಸುತ್ತಿನಲ್ಲಿ ಕೊನೆಗೆ ‘ಯಾರಿಗಾದರೂ ಆಕ್ಷೇಪಣೆ ಇದೆಯಾ?’ ಅಂತ ಕೇಳಿಸಿ. ಯಾರು ಬಾಯಿ ಬಿಡುತ್ತಾರೆ, ಎಷ್ಟು ಸೆಕೆಂಡ್ ಆದ ಮೇಲೆ ಬಿಡುತ್ತಾರೆ, ಗಡಿಯಾರ ಹಿಡಿದು ನೋಡಿ.